ಆ ‘ಕ್ಯಾಮೆರಾ’ ಮಗುವಿನ ಕಣ್ಣಲ್ಲಿ ಏನನ್ನು ಅಳೆಯುತ್ತೆ?

[ದೃಶ್ಯ: ಮಂದ ಬೆಳಕಿನ ಕೋಣೆ. ಅಮ್ಮನ ತೊಡೆ ಮೇಲೆ ಮೂರು ವರ್ಷದ ಮಗು. ಎದುರಿಗೆ ಸಾಧನ ಹಿಡಿದ ಕಾರ್ಯಕರ್ತೆ.]

ಒಂದು ಮೀಟರ್ ದೂರದಲ್ಲಿ, ಮಕ್ಕಳ ಕಣ್ಣು ತಪಾಸಣೆಗೆ ಬಳಸೋ ಕ್ಯಾಮೆರಾದಂಥ ಯಂತ್ರ. ಹಕ್ಕಿ ಕೂಗಿದ ಸದ್ದು, ಮಿನುಗುವ ದೀಪ. ಮಗು ಅತ್ತ ನೋಡಿದ್ದೇ ತಡ, ಪರದೆ ಮೇಲೆ ನಂಬರ್! ಅದನ್ನೇ ಹಿಡ್ಕೊಂಡು ಕನ್ನಡಕದ ಅಂಗಡಿಗೆ ಹೊರಟ್ರಾ? ಸ್ವಲ್ಪ ತಡೀರಿ.

[ಗ್ರಾಫಿಕ್: ಕಣ್ಣೊಳಗೆ ಹೋಗಿ ಮರಳುವ ಕಿರಣ]

ಯಂತ್ರ ಬಿಡೋದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು. ಅದು ರೆಟಿನಾಗೆ ತಾಗಿ ಮರಳುವಾಗ ಪಾಪೆಯಲ್ಲಿ ಮೂಡುವ ಹೊಳಪಿನಿಂದ ಪವರ್ ಲೆಕ್ಕ ಹಾಕುತ್ತೆ. ಅಂದ್ರೆ ಅಳೆದದ್ದು ಕಣ್ಣಿನ ಪವರನ್ನು. ಮಗುವಿಗೆ ಎಷ್ಟು ಕಾಣುತ್ತೆ ಅನ್ನೋದು ಅದಕ್ಕೆ ಗೊತ್ತೇ ಇಲ್ಲ. ಅದನ್ನು ತಿಳಿಯೋಕೆ ಚಾರ್ಟ್ ಬೇಕು, ಮಗು ಬಾಯಿ ಬಿಟ್ಟು ಹೇಳಬೇಕು, ಇಲ್ಲಾ ಬೆರಳಿಟ್ಟು ತೋರಿಸಬೇಕು.

ಪವರ್ ಆದ್ರೂ ಸರಿಯಾಗಿ ಬರುತ್ತಾ? ಇಲ್ಲೇ ಇರೋದು ಕಿತಾಪತಿ. ಚಿಕ್ಕ ಮಕ್ಕಳ ಕಣ್ಣಿನ ಮಸೂರ ಭಾರೀ ಚುರುಕು. ಹತ್ತಿರದ್ದನ್ನು ನೋಡುವಾಗ ತಾನೇ ಉಬ್ಬಿ ಫೋಕಸ್ ಮಾಡುತ್ತೆ. ಮಗು ಯಂತ್ರವನ್ನೇ ದಿಟ್ಟಿಸಿದ್ರೆ ಒಳಗಿನ ಪ್ಲಸ್ ಪವರ್ ಅಡಗಿ ಕೂರುತ್ತೆ; ಕೆಲವೊಮ್ಮೆ ಇಲ್ಲದ ಮೈನಸ್ ಕಾಣಿಸಿಕೊಳ್ಳುತ್ತೆ. ಡಾಕ್ಟರು ಸೈಕ್ಲೊಪೆಂಟೊಲೇಟ್ ಅಥವಾ ಆಟ್ರೊಪಿನ್ ಹನಿ ಹಾಕಿ, ಮಸೂರವನ್ನು ಉಬ್ಬಿಸುವ ಸ್ನಾಯುವನ್ನು ಸುಮ್ಮನಿರಿಸಿ, ಆಮೇಲೆ ಅಳೆಯೋದು ಇದಕ್ಕೇ.

[ಪರದೆ ಮೇಲೆ: ವಿಷನ್ ಇನ್ ಪ್ರಿಸ್ಕೂಲರ್ಸ್, ಅಮೆರಿಕ, 2004]

3ರಿಂದ 5 ವರ್ಷದ ಮಕ್ಕಳ ಮೇಲೆ ನಡೆದ ಈ ಅಧ್ಯಯನ ಕಣ್ಣು ತಪಾಸಣೆಯ 11 ವಿಧಾನಗಳನ್ನು ಹೋಲಿಸಿತು. ಆರೋಗ್ಯವಂತ ಮಕ್ಕಳಲ್ಲಿ 90% ಮಂದಿ ಪಾಸಾಗುವಂತೆ ಮಿತಿ ಇಟ್ಟಾಗ, ರೆಟಿನೋಮ್ಯಾಕ್ಸ್ ಮತ್ತು ಶ್ಯೂರ್‌ಸೈಟ್ ಎಂಬ, ಕೈಯಲ್ಲಿ ಹಿಡಿದು ಪವರ್ ಅಳೆಯುವ ಯಂತ್ರಗಳು ತೊಂದರೆ ಇದ್ದವರಲ್ಲಿ ಸುಮಾರು 63% ಮಕ್ಕಳನ್ನು ಹಿಡಿದವು. ತೀವ್ರ ತೊಂದರೆಯಾದ್ರೆ ರೆಟಿನೋಮ್ಯಾಕ್ಸ್ 87%. ದೊಡ್ಡ ಮೀನು ಬಲೆಗೆ ಬೀಳುತ್ತೆ, ಸಣ್ಣವು ನುಸುಳುತ್ತವೆ.

ಒಂದು ಲೆಕ್ಕ ಹಾಕೋಣ. ಶಾಲೆಯಲ್ಲಿ 200 ಮಕ್ಕಳು, ಅವರಲ್ಲಿ 10 ಜನಕ್ಕೆ ನಿಜವಾದ ತೊಂದರೆ ಅಂದುಕೊಳ್ಳಿ. ಅದೇ ಪ್ರಮಾಣದಲ್ಲಿ ಇಂಥ ಯಂತ್ರ ಹಿಡಿಯೋದು ಸುಮಾರು ಆರು ಜನರನ್ನು. ಜೊತೆಗೆ ಉಳಿದ 190ರಲ್ಲಿ 19 ಮಕ್ಕಳಿಗೆ ಸುಮ್ಮನೆ ‘ಆಸ್ಪತ್ರೆಗೆ ಹೋಗಿ’ ಚೀಟಿ! ಮಿತಿ ಸಡಿಲಿಸಿದ್ರೆ ತೊಂದರೆ ಇದ್ದವರು ಇನ್ನಷ್ಟು ತಪ್ಪಿಹೋಗ್ತಾರೆ, ಬಿಗಿ ಮಾಡಿದ್ರೆ ಚೀಟಿ ಇನ್ನಷ್ಟು.

ಹಾಗಂತ ಯಂತ್ರ ದಂಡ ಅಂತಲ್ಲ. ಮಾತೇ ಬಾರದ ಮಗುವನ್ನೂ ಪರೀಕ್ಷಿಸಬಹುದು. ಅದೇ ಅಧ್ಯಯನದ ಎರಡನೇ ಹಂತದಲ್ಲಿ ತರಬೇತಿ ಪಡೆದ ನರ್ಸ್‌ಗಳೂ ಸಾಮಾನ್ಯ ಜನರೂ ಬಳಸಿದಾಗ ಯಂತ್ರದ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ನನ್ನ ಕೇಳಿದ್ರೆ, ನಮ್ಮ ಅಂಗನವಾಡಿಗಳ ಮಟ್ಟಿಗೆ ಇದೇ ದೊಡ್ಡ ವಿಷಯ.

[ದೃಶ್ಯ: ತಲೆ ಓರೆ ಮಾಡಿ ಟಿವಿ ನೋಡುತ್ತಿರುವ ಹುಡುಗಿ]

ಚೀಟಿಯಲ್ಲಿ ‘ನಾರ್ಮಲ್’ ಅಂತಿದ್ರೂ ಮಗು ಹೀಗೆ ಕೂತ್ರೆ, ಮೆಳ್ಳೆಗಣ್ಣು ಕಂಡ್ರೆ, ಒಂದು ಕಣ್ಣು ಮುಚ್ಚಿದಾಗ ಮಾತ್ರ ಕಿರಿಕಿರಿ ಮಾಡಿದ್ರೆ ಮಕ್ಕಳ ಕಣ್ಣಿನ ಡಾಕ್ಟರಿಗೆ ತೋರಿಸಿ. ಹನಿ ಹಾಕಿಸೋ ದಿನ ಮಗುವಿಗೊಂದು ಟೋಪಿ ಮರೀಬೇಡಿ. ಪಾಪೆ ಹಿಗ್ಗಿರುತ್ತೆ, ಬಿಸಿಲು ಚುಚ್ಚುತ್ತೆ.