ಬ್ಲಿಝರ್ಡ್ ನಿಂತ ಮರುದಿನ ನಮ್ಮ ಏರಿಯಾದಲ್ಲಿ ಒಂದು ಸುತ್ತು

ನಮಸ್ಕಾರ ಎಲ್ಲರಿಗೂ. ಇವತ್ತು 2022ರ ಜನವರಿ 30, ಭಾನುವಾರ. ಅಮೆರಿಕದ ಬಾಸ್ಟನ್ ನಗರದ ಡಾರ್ಚೆಸ್ಟರ್ ಬಡಾವಣೆಯಲ್ಲಿದ್ದೇನೆ. ನಮ್ಮ ಬೀದಿಯಿಂದ ಫೀಲ್ಡ್ಸ್ ಕಾರ್ನರ್ ಸ್ಟೇಷನ್ ತನಕ ನಡೆದುಕೊಂಡು ಹೋಗುತ್ತಿದ್ದೇನೆ, ನೀವೂ ಜೊತೆಗೆ ಬನ್ನಿ. ಬೇರೆ ದಿನ ಇದು ಸಣ್ಣ ದಾರಿ, ಯೋಚನೆ ಮಾಡದೆ ನಡೆಯುವಂಥದ್ದು. ಇವತ್ತು ಒಂದೊಂದು ಹೆಜ್ಜೆಗೂ ಯೋಚನೆ ಮಾಡಬೇಕು.

ನಿನ್ನೆ ಶನಿವಾರ ಇಲ್ಲಿ ಒಂದೇ ದಿನದಲ್ಲಿ 23.6 ಇಂಚು ಹಿಮ ಬಿತ್ತು. ಹತ್ತಿರ ಹತ್ತಿರ ಎರಡು ಅಡಿ. ಒಂದೇ ದಿನದಲ್ಲಿ ಇದಕ್ಕಿಂತ ಜಾಸ್ತಿ ಬಿದ್ದದ್ದು ಬಾಸ್ಟನ್‌ನ ದಾಖಲೆಯಲ್ಲೇ ಇಲ್ಲ. 2003ರ ಫೆಬ್ರವರಿ 17ರಂದು ಕೂಡ ಸರಿಯಾಗಿ ಇಷ್ಟೇ ಬಿದ್ದಿತ್ತು. ಆದರೆ ಹಿಮ ಎಷ್ಟೇ ಬೀಳಲಿ, ಅದೊಂದರಿಂದಲೇ ಬ್ಲಿಝರ್ಡ್ ಆಗುವುದಿಲ್ಲ. ಗಾಳಿ ಗಂಟೆಗೆ 35 ಮೈಲಿ ವೇಗ ಮುಟ್ಟಬೇಕು, ಕಾಲು ಮೈಲಿ ಆಚೆಗಿನದು ಕಣ್ಣಿಗೆ ಕಾಣಬಾರದು, ಮತ್ತೆ ಇದು ಕನಿಷ್ಠ ಮೂರು ಗಂಟೆ ಹೀಗೇ ಇರಬೇಕು. ಆಗ ಇಲ್ಲಿನ ಹವಾಮಾನ ಇಲಾಖೆ ಅದನ್ನು ಬ್ಲಿಝರ್ಡ್ ಅನ್ನುತ್ತದೆ.

ಆ ಗಾಳಿ ಏನು ಮಾಡಿದೆ ನೋಡಿ. ಬೀದಿಯ ಈ ಬದಿ ಒಂದು ಮನೆಯ ಮುಂದೆ ಹುಲ್ಲಿನ ತುದಿ ಕಾಣುತ್ತಿದೆ. ಎದುರುಗಡೆ ಬಾಗಿಲ ಹಿಡಿಯ ಮಟ್ಟಕ್ಕೆ ಹಿಮ ಒತ್ತಿಕೊಂಡು ನಿಂತಿದೆ. ಎರಡು ಅಡಿ ಅನ್ನುವುದು ಅಳತೆ ಮಾಡುವವರ ಲೆಕ್ಕ ಅಷ್ಟೇ. ನಿಮ್ಮ ಮನೆ ಬಾಗಿಲಿಗೆ ಎಷ್ಟು ಬಂತು ಅನ್ನುವುದು ಗಾಳಿ ಯಾವ ಕಡೆಯಿಂದ ಬೀಸಿತು ಅನ್ನುವುದರ ಮೇಲೆ.

ಇಲ್ಲಿನ ಮನೆಗಳ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಮೂರು ಅಂತಸ್ತಿನ ಮರದ ಮನೆಗಳು ಇವು, ತ್ರೀ ಡೆಕ್ಕರ್ ಅನ್ನುತ್ತಾರೆ. ಸುಮಾರು 1880ರಿಂದ 1930ರ ತನಕ ದುಡಿಯುವ ಕುಟುಂಬಗಳಿಗೆ ಅಂತ ಸಾಲು ಸಾಲಾಗಿ ಕಟ್ಟಿದ್ದು. ಒಂದೊಂದು ಮಹಡಿಗೆ ಒಂದೊಂದು ಸಂಸಾರ. ಮನೆಗೂ ಮನೆಗೂ ನಡುವೆ ಜಾಗ ಕಡಿಮೆ, ಮುಂದಿನ ಅಂಗಳ ಇನ್ನೂ ಕಡಿಮೆ. ಹಾಗಾಗಿ ಬ್ಲಿಝರ್ಡ್ ನಿಂತ ಮೇಲೆ ಇಲ್ಲಿ ಎಲ್ಲರ ಮುಂದಿರುವ ಪ್ರಶ್ನೆ ಒಂದೇ: ಇಷ್ಟು ಹಿಮವನ್ನು ಎಲ್ಲಿಗೆ ಹಾಕುವುದು?

ರಸ್ತೆಗೆ ಎಸೆಯುವ ಹಾಗಿಲ್ಲ, ಅದು ತಪ್ಪು, ದಂಡ ಹಾಕುತ್ತಾರೆ. ಪಕ್ಕದವರ ಜಾಗಕ್ಕೆ ಹಾಕುವ ಹಾಗಂತೂ ಇಲ್ಲ. ಉಳಿದದ್ದು ಫುಟ್‌ಪಾತಿಗೂ ಮೆಟ್ಟಿಲಿಗೂ ನಡುವಿನ ಅಷ್ಟಗಲ ಮಣ್ಣು. ಅಲ್ಲೇ ಗುಡ್ಡೆ ಹಾಕುತ್ತಾ ಹೋಗಬೇಕು. ಗುಡ್ಡೆ ಎದೆಯೆತ್ತರ ಆದಮೇಲೆ ಪ್ರತಿ ಸಲಿಕೆಯನ್ನೂ ಭುಜದಿಂದ ಮೇಲೆ ಎತ್ತಿ ಎಸೆಯಬೇಕು. ನಿನ್ನೆ ಚಳಿ ಜೋರಾಗಿದ್ದರಿಂದ ಹಿಮ ಒಣಗಿದ ಪುಡಿಯ ಹಾಗೆ ಬಿದ್ದಿದೆ, ಅದು ನಮ್ಮ ಪುಣ್ಯ. ಒದ್ದೆ ಹಿಮ ಆಗಿದ್ದರೆ ಇದರ ಎರಡು ಮೂರು ಪಟ್ಟು ತೂಕ ಇರುತ್ತಿತ್ತು.

ಆದರೂ ಈ ಕೆಲಸ ಹಗುರ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಚಳಿಗೆ ರಕ್ತನಾಳಗಳು ಬಿಗಿಯುತ್ತವೆ, ರಕ್ತದೊತ್ತಡ ಏರುತ್ತದೆ. ಅದೇ ಹೊತ್ತಿಗೆ ತೋಳಿನಿಂದ ಭಾರ ಎತ್ತುತ್ತಿರುತ್ತೇವೆ. ದಿನವಿಡೀ ಕೂತು ಕೆಲಸ ಮಾಡುವ ದೇಹಕ್ಕೆ ಇದು ದೊಡ್ಡ ಹೊಡೆತ. ಪ್ರತಿ ಚಳಿಗಾಲದಲ್ಲೂ ಹಿಮ ತೆಗೆಯುತ್ತಾ ಹೃದಯಾಘಾತ ಆಗಿ ಕುಸಿಯುವವರಿದ್ದಾರೆ. ಆಗುವಷ್ಟು ಕಡೆ ಎತ್ತಬೇಡಿ, ತಳ್ಳಿ. ಅರ್ಧ ಸಲಿಕೆ ತುಂಬಿದರೆ ಸಾಕು. ಎದೆಯಲ್ಲಿ ಸ್ವಲ್ಪ ಹಿಡಿದ ಹಾಗಾದರೂ ಸಲಿಕೆ ಅಲ್ಲೇ ಬಿಟ್ಟು ಒಳಗೆ ಹೋಗಿ, ಸಹಾಯಕ್ಕೆ ಕರೆಯಿರಿ.

ಇನ್ನೊಂದು ಮಾತು, ಕಾರಿನದ್ದು. ಹಿಮ ಕೆದಕಿ ಸುಸ್ತಾದಾಗ ಬೆಚ್ಚಗಾಗೋಣ ಅಂತ ಕಾರು ಸ್ಟಾರ್ಟ್ ಮಾಡಿ ಒಳಗೆ ಕೂರುತ್ತಾರಲ್ಲ, ಅದಕ್ಕೆ ಮೊದಲು ಹಿಂದೆ ಹೋಗಿ ಹೊಗೆ ಕೊಳವೆಯ ಸುತ್ತಲಿನ ಹಿಮ ತೆಗೆಯಲೇಬೇಕು. ಕೊಳವೆ ಮುಚ್ಚಿದ್ದರೆ ಕಾರ್ಬನ್ ಮಾನಾಕ್ಸೈಡ್ ಕಾರಿನೊಳಗೆ ತುಂಬುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. 2013ರ ಫೆಬ್ರವರಿಯ ಬ್ಲಿಝರ್ಡ್‌ನಲ್ಲಿ ಇದೇ ಬಾಸ್ಟನ್‌ನಲ್ಲಿ ಹೀಗೆ ಜೀವ ಹೋಗಿದೆ, ಒಬ್ಬ ಹುಡುಗನದೂ ಸೇರಿ. ಮಕ್ಕಳನ್ನು ಬೆಚ್ಚಗೆ ಕೂರಿಸುವ ಮೊದಲು ಒಂದು ನಿಮಿಷ ಹಿಂದೆ ಹೋಗಿ ನೋಡಿ.

ಈಗ ಇಲ್ಲಿ ನೋಡಿ, ಅಗೆದು ಖಾಲಿ ಮಾಡಿದ ಪಾರ್ಕಿಂಗ್ ಜಾಗದಲ್ಲಿ ಒಂದು ಮಡಚುವ ಕುರ್ಚಿ. ಮುಂದೆ ಒಂದು ಕಸದ ಡಬ್ಬಿ. ಅದರಾಚೆ ಇಸ್ತ್ರಿ ಮಾಡುವ ಮಣೆ. ನಾನು ಬೆವರು ಸುರಿಸಿ ತೆಗೆದ ಜಾಗ, ನೀವು ನಿಲ್ಲಿಸಬೇಡಿ ಅನ್ನುವುದಕ್ಕೆ ಇವು ಗುರುತು. ಹಿಮದ ತುರ್ತು ಪರಿಸ್ಥಿತಿ ಮುಗಿದ ಮೇಲೆ 48 ಗಂಟೆ ತನಕ ಹೀಗೆ ಇಡಲು ನಗರಾಡಳಿತ ಬಿಡುತ್ತದೆ. ಆಮೇಲೆ ಕಸದವರು ಎತ್ತಿಕೊಂಡು ಹೋಗುತ್ತಾರೆ. ಸೌತ್ ಎಂಡ್ ಕಡೆಯವರು 2015ರಲ್ಲೇ ನಮಗೆ ಈ ಪದ್ಧತಿ ಬೇಡ ಅಂದರು. ನಮ್ಮ ಕಡೆ ಇನ್ನೂ ಇದೆ. ಒಂದು ಕಾರನ್ನು ಹೊರಗೆ ತೆಗೆಯುವ ಕಷ್ಟ ಏನು ಅಂತ ಗೊತ್ತಿರುವವರು ಈ ಕುರ್ಚಿಯನ್ನು ಮುಟ್ಟುವುದಿಲ್ಲ. ನಾನೂ ಮುಟ್ಟುವುದಿಲ್ಲ.

ಸರಿ, ಈ ವಿಡಿಯೋ ಯಾಕೆ ಮಾಡುತ್ತಿದ್ದೇನೆ ಅಂದರೆ, ಈ ಮೂಲೆಗೋಸ್ಕರ.

ಕ್ಯಾಮೆರಾ ಸ್ವಲ್ಪ ಕೆಳಗೆ ಹಿಡಿಯುತ್ತೇನೆ. ಎಡಗಡೆ ಫುಟ್‌ಪಾತ್ ಚೆನ್ನಾಗಿ ತೆಗೆದಿದ್ದಾರೆ. ಇಲ್ಲಿನ ನಿಯಮ ಹೀಗಿದೆ: ಹಿಮ ನಿಂತ ಮೂರು ಗಂಟೆಯೊಳಗೆ, ರಾತ್ರಿ ನಿಂತರೆ ಬೆಳಗ್ಗೆ ಸೂರ್ಯ ಹುಟ್ಟಿದ ಮೂರು ಗಂಟೆಯೊಳಗೆ, ಕಟ್ಟಡದ ಮಾಲೀಕರು ತಮ್ಮ ಮುಂದಿನ ಫುಟ್‌ಪಾತನ್ನು ಕನಿಷ್ಠ 42 ಇಂಚು ಅಗಲ ತೆಗೆದಿರಬೇಕು. ಗಾಲಿಕುರ್ಚಿ, ಮಗುವಿನ ಗಾಡಿ ಸಲೀಸಾಗಿ ಹೋಗಲಿ ಅಂತ ಆ ಅಳತೆ. ಜನವರಿ ಕೊನೆಯಲ್ಲಿ ಇಲ್ಲಿ ಏಳು ಗಂಟೆ ಹೊತ್ತಿಗೆ ಸೂರ್ಯ ಹುಟ್ಟುತ್ತಾನೆ. ಅಂದರೆ ಹತ್ತರ ಒಳಗೆ ಆಗಬೇಕು. ಈ ಮನೆಯವರು ಆ ಹೊತ್ತಿಗೆ ಮುಂಚೆಯೇ ಮುಗಿಸಿದ್ದರು. ಬರೀ ಫುಟ್‌ಪಾತ್ ಅಲ್ಲ, ರಸ್ತೆಗೆ ಇಳಿಯುವ ಇಳಿಜಾರನ್ನೂ ತೆಗೆದಿದ್ದರು.

ಆಮೇಲೆ ರಸ್ತೆಯ ಹಿಮ ತಳ್ಳುವ ಪ್ಲೋ ಲಾರಿ ಬಂತು.

ಪ್ಲೋ ಲಾರಿಯ ಅಲಗು ಓರೆಯಾಗಿರುತ್ತದೆ. ರಸ್ತೆಯ ಹಿಮವನ್ನೆಲ್ಲ ಬಲಕ್ಕೆ ಸರಿಸುತ್ತಾ ಹೋಗುತ್ತದೆ. ಬಲಗಡೆ ಇರುವುದೇ ಈ ಇಳಿಜಾರು. ತಿರುವಿನಲ್ಲಂತೂ ಎರಡು ರಸ್ತೆಗಳ ಹಿಮವೂ ಬಂದು ಬೀಳುವುದು ಇಲ್ಲಿಗೇ. ಡ್ರೈವರ್ ತಪ್ಪು ಅಂತ ಹೇಳಲಾರೆ. ರಾತ್ರಿಯೆಲ್ಲ ಗಾಡಿ ಓಡಿಸಿದ್ದಾರೆ, ಅವರು ರಸ್ತೆ ತೆಗೆಯದಿದ್ದರೆ ಆಂಬುಲೆನ್ಸ್ ಬರಲಾಗದು. ಆದರೆ ಈ ಮೂಲೆ ನೋಡಿ. ನನ್ನ ಸೊಂಟದೆತ್ತರ ಹಿಮದ ಗೋಡೆ.

ಮತ್ತೆ ಈ ಹಿಮ ನಿನ್ನೆಯ ಪುಡಿ ಹಿಮ ಅಲ್ಲ. ಅಲಗಿಗೆ ಸಿಕ್ಕಿ ಹರಳುಗಳೆಲ್ಲ ಮುರಿದು ಸಣ್ಣದಾಗಿ, ಒಂದಕ್ಕೊಂದು ಒತ್ತಿಕೊಂಡಿವೆ. ಹಾಗೆ ಒತ್ತಿಕೊಂಡ ಹರಳುಗಳು ಕರಗದೆಯೇ, ತಾಗಿರುವ ಕಡೆಯಲ್ಲೆಲ್ಲ ಬೆಸೆದುಕೊಳ್ಳುತ್ತವೆ. ಹೊತ್ತು ಹೋದಷ್ಟೂ ಗಟ್ಟಿ. ಪ್ಲೋ ಹೋದ ಕೂಡಲೇ ಬಂದರೆ ಸಲಿಕೆ ಇಳಿಯುತ್ತದೆ. ಸಂಜೆ ಬಂದರೆ ಸಲಿಕೆ ಟಣ್ ಅನ್ನುತ್ತದೆ.

ನಾನಿಲ್ಲಿ ನಿಂತಿದ್ದಾಗ ವಾಕರ್ ಹಿಡಿದುಕೊಂಡು ಒಬ್ಬ ಹಿರಿಯರು ಬಂದರು. ತೆಗೆದ ಫುಟ್‌ಪಾತಿನ ಮೇಲೆ ನಿಧಾನವಾಗಿ, ಜಾಗ್ರತೆಯಾಗಿ ಇಲ್ಲಿವರೆಗೂ ಬಂದರು. ಗೋಡೆ ನೋಡಿದರು. ಅತ್ತಿತ್ತ ನೋಡಿದರು. ವಾಪಸ್ ತಿರುಗಿ ಹೊರಟರು. ದಾಟಿಸಲಾ ಅಂತ ಕೇಳಿದೆ. ಬೇಡ, ನಾಳೆ ನೋಡೋಣ, ಔಷಧಿ ಒಂದು ದಿನಕ್ಕೆ ಇದೆ ಅಂದರು. ಇಡೀ ಬೀದಿಯ ಹತ್ತು ಮನೆಯವರು ಸೊಂಟ ನೋಯಿಸಿಕೊಂಡು ಮಾಡಿದ ಕೆಲಸ ಅವರ ಪಾಲಿಗೆ ಈ ಮೂರು ಅಡಿಯಲ್ಲಿ ನಿಂತುಹೋಯಿತು. ನನಗೆ ನಿಜವಾಗಲೂ ಸಂಕಟ ಆಯಿತು.

ಕಾನೂನಿನ ಪ್ರಕಾರ ಇಳಿಜಾರೂ ಮಾಲೀಕರ ಹೊಣೆಯೇ. ಆದರೆ ಪ್ಲೋ ಬರುವುದು ಒಂದು ಸಲ ಅಲ್ಲ. ಮೂಲೆ ಮನೆಯವರಿಗೆ ಎರಡು ಬೀದಿಯ ಫುಟ್‌ಪಾತು, ಎರಡು ಇಳಿಜಾರು. ಉಳಿದವರಿಗೆ ಒಂದೇ ಕಡೆ. ಇದು ನ್ಯಾಯವಾದ ಹಂಚಿಕೆ ಅಂತ ನನಗೆ ಅನ್ನಿಸುವುದಿಲ್ಲ. ರಸ್ತೆ ಎಲ್ಲರದ್ದು, ಅದಕ್ಕೇ ನಗರಾಡಳಿತ ತೆಗೆಯುತ್ತದೆ. ಮೂಲೆಯೂ ಎಲ್ಲರದ್ದೇ ಅಲ್ವಾ? ಎಲ್ಲರೂ ದಾಟುವುದು ಅಲ್ಲೇ.

ಇನ್ನೊಂದು ವಿಷಯ ತೋರಿಸುತ್ತೇನೆ. ರಸ್ತೆಯ ಮಧ್ಯಕ್ಕೆ ಝೂಮ್ ಮಾಡುತ್ತಿದ್ದೇನೆ. ಕಾರುಗಳು ಓಡಾಡಿದ ಗುರುತು ಎಲ್ಲಿದೆ ಗಮನಿಸಿ. ತಿರುವಿನಲ್ಲಿ ಹಿಮ ಹಾಗೇ ಉಳಿದ ಈ ದೊಡ್ಡ ತ್ರಿಕೋನದ ಮೇಲೆ ಒಂದು ಟೈರಿನ ಗುರುತೂ ಇಲ್ಲ. ಬೆಳಗಿನಿಂದ ಎಷ್ಟೊಂದು ಗಾಡಿಗಳು ತಿರುಗಿವೆ, ಯಾರಿಗೂ ಇಷ್ಟು ಜಾಗ ಬೇಕಾಗಿಲ್ಲ. ಫುಟ್‌ಪಾತನ್ನು ಇಲ್ಲಿ ಸ್ವಲ್ಪ ಮುಂದಕ್ಕೆ ಚಾಚಿದರೆ ದಾಟಬೇಕಾದ ದೂರ ಕಡಿಮೆಯಾಗುತ್ತದೆ. ಕೆಲವು ನಗರಗಳಲ್ಲಿ ಪಾದಚಾರಿಗಳ ಪರ ಕೆಲಸ ಮಾಡುವವರು ಇಂಥ ಫೋಟೋಗಳನ್ನೇ ಅಧಿಕಾರಿಗಳಿಗೆ ತೋರಿಸುತ್ತಾರೆ. ಬೇರೆ ದಿನ ಬರೀ ಟಾರು ನೋಡಿದರೆ ಇದು ಹೊಳೆಯುವುದೇ ಇಲ್ಲ.

ಈಗ ದೊಡ್ಡ ರಸ್ತೆಗೆ ಬಂದೆವು. ಇದು ಡಾರ್ಚೆಸ್ಟರ್ ಅವೆನ್ಯೂ, ಇಲ್ಲಿಯವರ ಬಾಯಲ್ಲಿ ಡಾಟ್ ಆವ್. ಅಂಗಡಿಗಳ ಮುಂದೆಲ್ಲ ಚೊಕ್ಕವಾಗಿ ತೆಗೆದು ಉಪ್ಪು ಹಾಕಿದ್ದಾರೆ. ಇದಕ್ಕೂ ಒಂದು ಹಿನ್ನೆಲೆ ಇದೆ. 2010ಕ್ಕೆ ಮೊದಲು ಈ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ತಾನಾಗಿ ಬಿದ್ದ ಹಿಮದ ಮೇಲೆ ಯಾರಾದರೂ ಜಾರಿ ಬಿದ್ದರೆ ಜಾಗದ ಮಾಲೀಕರು ಸಾಮಾನ್ಯವಾಗಿ ಹೊಣೆ ಆಗುತ್ತಿರಲಿಲ್ಲ. ಮನುಷ್ಯರು ಗುಡ್ಡೆ ಹಾಕಿದ ಹಿಮದಿಂದ ಬಿದ್ದರೆ ಮಾತ್ರ ಕೇಸು ನಿಲ್ಲುತ್ತಿತ್ತು. ಆ ವರ್ಷ ರಾಜ್ಯದ ಅತ್ಯುನ್ನತ ನ್ಯಾಯಾಲಯ ಈ ಭೇದವನ್ನೇ ತೆಗೆದುಹಾಕಿತು. ನೆಲದ ಮೇಲಿನ ಬೇರೆ ಯಾವ ಅಪಾಯಕ್ಕಾದರೂ ಮಾಲೀಕರು ಎಷ್ಟು ಜಾಗ್ರತೆ ವಹಿಸಬೇಕೋ ಹಿಮಕ್ಕೂ ಅಷ್ಟೇ ವಹಿಸಬೇಕು ಅಂದಿತು. ಜಾರಿ ಬಿದ್ದು ಸೊಂಟ ಮುರಿದುಕೊಂಡ ವಯಸ್ಸಾದವರನ್ನು ನೋಡಿದವರಿಗೆ ಈ ತೀರ್ಪಿನ ಬೆಲೆ ಗೊತ್ತು.

ಬಸ್ ಸ್ಟಾಪ್. ಬಸ್ಸೇನೋ ಬರುತ್ತಿದೆ. ಆದರೆ ಅಂಚಿನಲ್ಲಿ ಹಿಮದ ದಿಬ್ಬ ಇರುವುದರಿಂದ ರಸ್ತೆ ಮಧ್ಯದಲ್ಲೇ ನಿಲ್ಲುತ್ತದೆ. ಒಬ್ಬರು ಮಗುವಿನ ಗಾಡಿಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, ಮಗುವನ್ನು ಇನ್ನೊಂದು ತೋಳಿನಲ್ಲಿ ಹಿಡಿದು ದಿಬ್ಬ ಹತ್ತಿ ಇಳಿದರು. ಹಿಂದಿನಿಂದ ಒಬ್ಬ ಹುಡುಗ ಓಡಿ ಬಂದು ಕೈ ಕೊಟ್ಟ. ಈ ಬಸ್ಸುಗಳಲ್ಲಿ ಗಾಲಿಕುರ್ಚಿಗೆ ಮಡಚುವ ಹಲಗೆ ಇದೆ. ಆದರೆ ಬಿಚ್ಚಿ ಇಡುವುದಕ್ಕೆ ಸಮ ನೆಲ ಬೇಕಲ್ಲ, ಅದು ಇಲ್ಲಿ ಎಲ್ಲಿದೆ?

ಸ್ಟಾಪಿನಲ್ಲಿ ಕಾಯುತ್ತಿದ್ದ ಒಬ್ಬ ಹಿರಿಯ ಹೆಂಗಸು 1978ರ ಮಾತು ತೆಗೆದರು. ಇಲ್ಲಿ ಯಾವ ಹಿಮ ಬಿದ್ದರೂ ಹಳಬರು ಅದಕ್ಕೇ ಹೋಲಿಸುತ್ತಾರೆ. ಆ ವರ್ಷದ ಫೆಬ್ರವರಿ 6 ಮತ್ತು 7ರಂದು ಬಾಸ್ಟನ್‌ನಲ್ಲಿ 27.1 ಇಂಚು ಬಿದ್ದಿತ್ತು. ಊರಾಚೆಯ 128ನೇ ನಂಬರ್ ಹೆದ್ದಾರಿಯಲ್ಲಿ ಮೂರು ಸಾವಿರಕ್ಕೂ ಜಾಸ್ತಿ ಗಾಡಿಗಳು ಹಿಮದಲ್ಲಿ ಹೂತುಹೋಗಿದ್ದವು. ಸುಮಾರು ಒಂದು ವಾರ ಖಾಸಗಿ ವಾಹನ ಓಡಿಸುವುದನ್ನೇ ನಿಷೇಧಿಸಿದ್ದರು. ಆಗ ಚಿಕ್ಕ ಹುಡುಗಿ ಆಗಿದ್ದೆ ಅಂದರು. ರಸ್ತೆ ಮಧ್ಯೆ ಅಪ್ಪನ ಕೈ ಹಿಡಿದು ನಡೆದದ್ದು, ಹಾಲು ಬ್ರೆಡ್ಡನ್ನು ಸ್ಲೆಡ್ ಅನ್ನುವ ಜಾರುಬಂಡಿ ಮೇಲಿಟ್ಟು ಎಳೆದುಕೊಂಡು ಬಂದದ್ದು, ಹೆಸರೂ ಗೊತ್ತಿಲ್ಲದಿದ್ದ ನೆರೆಯವರ ಪರಿಚಯ ಆದದ್ದು ಎಲ್ಲ ಹೇಳಿದರು. ಬಹಳ ಜನ ಸತ್ತ ಬಿರುಗಾಳಿ ಅದು. ಆದರೂ ಆ ವಾರದ ಬಗ್ಗೆ ಹೇಳುವಾಗ ಅವರ ಮುಖ ಅರಳಿತ್ತು. ನಡೆಯುವವರದ್ದೇ ರಸ್ತೆ ಆಗಿತ್ತು ಅಂದರು.

ಮೇಲೆ ರೋನನ್ ಪಾರ್ಕಿನ ಇಳಿಜಾರಿನಲ್ಲಿ ಮಕ್ಕಳ ಕೂಗು ಕೇಳಿಸುತ್ತಿದೆ ಅಲ್ವಾ? ಬೆಳಗಿನಿಂದ ಜಾರುತ್ತಿದ್ದಾರೆ. ಅವರಿಗೆ ಇವತ್ತು ಹಬ್ಬ.

ಈ ಹಿಮ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರೆ, ಸದ್ಯಕ್ಕೆ ಎಲ್ಲಿಗೂ ಹೋಗುವುದಿಲ್ಲ. ದೊಡ್ಡ ರಸ್ತೆಗಳ ಹಿಮವನ್ನು ಟ್ರಕ್ಕಿಗೆ ತುಂಬಿ ಖಾಲಿ ಮೈದಾನಗಳಲ್ಲಿ ಸುರಿಯುತ್ತಾರೆ. 2015ರ ಚಳಿಗಾಲದಲ್ಲಿ ಬಾಸ್ಟನ್‌ಗೆ ಒಟ್ಟು ಒಂಬತ್ತು ಅಡಿಗೂ ಜಾಸ್ತಿ ಹಿಮ ಬಿದ್ದಿತ್ತು. ಆಗ ಸೀಪೋರ್ಟ್ ಕಡೆ ಸುರಿದ ಬೆಟ್ಟ ಪೂರ್ತಿ ಕರಗಿದ್ದು ಜುಲೈ 14ಕ್ಕೆ, ನಡು ಬೇಸಿಗೆಯಲ್ಲಿ! ನಮ್ಮ ಒಳಬೀದಿಗಳಿಗೆ ಆ ಟ್ರಕ್ಕು ಬರುವುದು ಅಪರೂಪ. ಇಲ್ಲಿಯದು ಬಿದ್ದಲ್ಲೇ ಕರಗಬೇಕು.

ಅದಕ್ಕೇ ಇವತ್ತಿನ ಕೆಲಸ ಇವತ್ತೇ ಆಗಬೇಕು. ಬಿಸಿಲಿಗೆ ಮೇಲ್ಪದರ ಸ್ವಲ್ಪ ಕರಗಿ ಫುಟ್‌ಪಾತಿನ ಮೇಲೆ ಹರಿಯುತ್ತದೆ. ಐದು ಗಂಟೆ ಹೊತ್ತಿಗೆ ಸೂರ್ಯ ಮುಳುಗಿದರೆ ಅದೇ ನೀರು ಗಾಜಿನಂತಹ ಮಂಜುಗಡ್ಡೆ. ಉಪ್ಪು ಹಾಕಿದರಾಯಿತು ಅಂತ ಬಿಡಬೇಡಿ. ಚಳಿ ಮೈನಸ್ 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಮಾಮೂಲಿ ಕಲ್ಲುಪ್ಪು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಆಗ ಮರಳೇ ಗತಿ. ಅದು ಕರಗಿಸುವುದಿಲ್ಲ, ಆದರೆ ಕಾಲಿಗೆ ಹಿಡಿತ ಕೊಡುತ್ತದೆ.

ಸ್ಟೇಷನ್ ಮುಟ್ಟಿ ವಾಪಸ್ ಬಂದಿದ್ದೇನೆ. ಮೂಲೆ ಮನೆಯವರು ಮತ್ತೆ ಸಲಿಕೆ ಹಿಡಿದಿದ್ದಾರೆ. ನಮ್ಮ ಮೇಲಿನ ಮಹಡಿಯ ಹುಡುಗರು ಫೈರ್ ಹೈಡ್ರಂಟ್, ಅಂದರೆ ಬೆಂಕಿ ಆರಿಸಲು ಬೀದಿ ಬದಿ ಇಟ್ಟಿರುವ ನೀರಿನ ಕೊಳಾಯಿ, ಅದರ ಸುತ್ತ ಅಗೆದು ಮುಗಿಸಿದರು. ಬೆಂಕಿ ಬಿದ್ದ ರಾತ್ರಿ ಅಗ್ನಿಶಾಮಕದವರು ಹಿಮದಲ್ಲಿ ಹೈಡ್ರಂಟ್ ಹುಡುಕುತ್ತಾ ನಿಲ್ಲಬಾರದು, ಅದಕ್ಕೆ ಸುತ್ತಲೂ ಒಬ್ಬರು ಓಡಾಡುವಷ್ಟು ಜಾಗ ಮಾಡಿದ್ದಾರೆ. ಹುಡುಗರು ಈಗ ಎದುರುಗಡೆಯ ಇಳಿಜಾರು ಹಿಡಿದಿದ್ದಾರೆ, ಈ ಬದಿಯದು ನನಗೆ ಮತ್ತು ಮೂಲೆ ಮನೆಯವರಿಗೆ. ವಾಕರ್ ಹಿಡಿದು ಬಂದಿದ್ದ ಹಿರಿಯರ ಮನೆ ಯಾವುದು ಅಂತ ಮೂಲೆ ಮನೆಯವರಿಗೆ ಗೊತ್ತಂತೆ. ಇದು ಮುಗಿದ ಕೂಡಲೇ ಹೋಗಿ ಬಾಗಿಲು ತಟ್ಟಿ, ಔಷಧಿ ಚೀಟಿ ಕೊಡುತ್ತಾರಾ, ನಾವೇ ತಂದುಕೊಡಬಹುದಾ ಅಂತ ಕೇಳುತ್ತೇವೆ. ಕ್ಯಾಮೆರಾ ಇಲ್ಲಿಗೆ ಆಫ್ ಮಾಡುತ್ತೇನೆ, ಎರಡೂ ಕೈ ಬೇಕು.