ಕುರು, ಕೀವು, ಕೆಂಪಾದ ಕಾಲು: ಯಾವುದಕ್ಕೆ ಏನು ಮಾಡ್ಬೇಕು

ಎಲ್ಲರಿಗೂ ನಮಸ್ಕಾರ. ಚರ್ಮದ ಬ್ಯಾಕ್ಟೀರಿಯಾ ಸೋಂಕಲ್ಲಿ ಮುಖ್ಯವಾಗಿ ಇಬ್ರದ್ದೇ ಕಾರುಬಾರು, ಸ್ಟ್ಯಾಫಿಲೋಕಾಕಸ್ ಆರಿಯಸ್ ಮತ್ತೆ ಸ್ಟ್ರೆಪ್ಟೋಕಾಕಸ್ ಪಯೋಜೀನಿಸ್. ಮೊದಲನೆಯದು ನೂರಕ್ಕೆ ಸುಮಾರು 30 ಜನರ ಮೂಗಲ್ಲಿ ತೆಪ್ಪಗೆ ಇರತ್ತೆ, ಏನೂ ಮಾಡಲ್ಲ, ಎಲ್ಲಾದ್ರೂ ಚರ್ಮ ತರಚಿದ್ರೆ, ಬಿರುಕು ಬಿಟ್ರೆ ಒಳಗೆ ನುಗ್ಗತ್ತೆ. ಎಷ್ಟು ಆಳಕ್ಕೆ ಹೋಗಿದೆ, ಕೀವು ಕಟ್ಟಿದ್ಯಾ ಇಲ್ವಾ, ಚಿಕಿತ್ಸೆ ನಿಂತಿರೋದು ಈ ಎರಡರ ಮೇಲೆ.

ಮೇಲ್ಪದರದಲ್ಲೇ ಇದ್ರೆ ಇಂಪೆಟಿಗೋ. 2ರಿಂದ 5 ವರ್ಷದ ಮಕ್ಕಳಲ್ಲಿ ಜಾಸ್ತಿ. ಮೂಗು, ಬಾಯಿ ಸುತ್ತ ಸಣ್ಣ ಗುಳ್ಳೆ ಎದ್ದು ಒಡೆದು ಜೇನುತುಪ್ಪ ಒಣಗಿದ ಹಾಗೆ ಹಳದಿ ಹಕ್ಕಳೆ ಕಟ್ಟತ್ತೆ. ಒಂದೆರಡು ಜಾಗದಲ್ಲಿದ್ರೆ ಮಾತ್ರೆ ಬೇಕಾಗಲ್ಲ, ಹಕ್ಕಳೇನ ಬೆಚ್ಚಗಿನ ನೀರಲ್ಲಿ ನೆನೆಸಿ ತೆಗೆದು, ಡಾಕ್ಟರ್ ಬರೆದುಕೊಟ್ಟ ಮ್ಯುಪಿರೋಸಿನ್ ಥರದ ಮುಲಾಮು 5 ದಿನ ಹಚ್ಚಿದ್ರೆ ಸಾಮಾನ್ಯವಾಗಿ ಸಾಕು. ತುಂಬಾ ಕಡೆ ಹರಡಿದ್ರೆ ಮಾತ್ರೆನೋ ಸಿರಪ್ಪೋ ಬೇಕು. ವಾಸಿಯಾಗಿ ಎರಡು ಮೂರು ವಾರ ಆದ್ಮೇಲೆ ಮಗುವಿನ ಮುಖ ಊದಿಕೊಂಡು ಮೂತ್ರ ಕಂದು ಬಣ್ಣಕ್ಕೆ ತಿರುಗಿದ್ರೆ ಮಾತ್ರ ಕೂಡಲೇ ತೋರಿಸಿ, ಸ್ಟ್ರೆಪ್ಟೋಕಾಕಸ್ ಸೋಂಕಿನ ನಂತರ ಅಪರೂಪಕ್ಕೆ ಕಿಡ್ನಿಗೆ ಪೆಟ್ಟು ಬೀಳತ್ತೆ.

ಕೂದಲ ಬುಡದಲ್ಲಿ ಬರೋ ಸಣ್ಣ ಕೀವುಗುಳ್ಳೆಗಳು ಫಾಲಿಕ್ಯುಲೈಟಿಸ್, ಕೆಲವು ದಿನ ಶೇವಿಂಗ್ ನಿಲ್ಲಿಸಿ ಜಾಗ ಕ್ಲೀನಾಗಿ ಇಟ್ಕೊಂಡ್ರೆ ಬಹಳಷ್ಟು ಸಲ ತಾನಾಗೇ ಹೋಗತ್ತೆ.

ಅದೇ ಆಳಕ್ಕಿಳಿದ್ರೆ ಕುರು. ಎಲ್ಲರೂ ಎಡವೋದು ಇಲ್ಲೇ, ಒಂದೋ ಹಿಂಡ್ತಾರೆ, ಇಲ್ಲ ಮೆಡಿಕಲ್ ಶಾಪಿಗೆ ಹೋಗಿ ಆಂಟಿಬಯೋಟಿಕ್ ತಂದು ನುಂಗ್ತಾರೆ. ಕೀವು ತುಂಬಿದ ಚೀಲದೊಳಗೆ ರಕ್ತ ಓಡಾಡಲ್ಲ, ಹಂಗಾಗಿ ನುಂಗಿದ ಔಷಧಿ ಅಲ್ಲಿಗೆ ಸರಿಯಾಗಿ ತಲುಪೋದೂ ಇಲ್ಲ. ಚಿಕ್ಕದಾಗಿದ್ರೆ ಬಿಸಿನೀರಲ್ಲಿ ಅದ್ದಿದ ಬಟ್ಟೆನ ಹತ್ತು ಹದಿನೈದು ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ ಇಡಿ, ಮೆತ್ತಗಾಗಿ ಒಡೆಯತ್ತೆ. ದೊಡ್ಡದಾಗಿದ್ರೆ ಡಾಕ್ಟರ್ ಮರಗಟ್ಟಿಸಿ ಕೊಯ್ದು ಕೀವು ತೆಗೀತಾರೆ, ಅದೇ ಮುಖ್ಯ ಚಿಕಿತ್ಸೆ, ಮಾತ್ರೆ ಅದಕ್ಕೆ ಜೊತೆ ಅಷ್ಟೆ. ಮೂಗಿನ ಹತ್ರ, ಮೇಲ್ದುಟಿ ಮೇಲೆ ಎದ್ದಿರೋದನ್ನಂತೂ ಮುಟ್ಟಕ್ಕೇ ಹೋಗ್ಬೇಡಿ, ಅಲ್ಲಿನ ರಕ್ತನಾಳಗಳಿಗೆ ತಲೆಯೊಳಗಿನ ರಕ್ತನಾಳಗಳ ಜೊತೆ ಸಂಪರ್ಕ ಇದೆ.

ಇನ್ನೂ ಕೆಳಗೆ ಹೋದ್ರೆ ಸೆಲ್ಯುಲೈಟಿಸ್, ಹೆಚ್ಚಾಗಿ ಕಾಲಿಗೆ, ಅದೂ ಒಂದೇ ಕಾಲಿಗೆ. ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ಮುಟ್ಟಿದ್ರೆ ನೋವು. ಎರಡೂ ಕಾಲು ಒಟ್ಟಿಗೆ ಕೆಂಪಾಗಿದ್ರೆ ಬಹುತೇಕ ಸೆಲ್ಯುಲೈಟಿಸ್ ಅಲ್ಲ, ರಕ್ತನಾಳದ ತೊಂದರೆಯಿಂದ ಬಂದ ಎಕ್ಸಿಮಾ ಇರ್ಬಹುದು, ಸುಮ್ಸುಮ್ನೆ ಆಂಟಿಬಯೋಟಿಕ್ ತಿಂದು ಏನ್ ಬಂತು! ಕೆಂಪಿನ ಅಂಚಿಗೆ ಪೆನ್ನಲ್ಲಿ ಗೆರೆ ಹಾಕಿ ಪಕ್ಕದಲ್ಲಿ ಟೈಮ್ ಬರೀರಿ. ಚಿಕಿತ್ಸೆ ಶುರುವಾದ ಮೊದಲ ಒಂದೆರಡು ದಿನ ಗೆರೆ ದಾಟಿ ಸ್ವಲ್ಪ ಹರಡ್ಬಹುದು, ಜ್ವರ ನೋವು ಇಳೀತಿದ್ರೆ ಗಾಬರಿ ಬೇಡ. ಕಾಲನ್ನ ದಿಂಬಿನ ಮೇಲೆ ಎತ್ತರಕ್ಕಿಡೋದು ನಿಜವಾಗ್ಲೂ ಕೆಲಸ ಮಾಡತ್ತೆ, ಎಷ್ಟು ಹೇಳಿದ್ರೂ ಜನ ಇದನ್ನ ಔಷಧಿ ಅಂತ ಒಪ್ಪಲ್ಲ. ಬೆರಳ ಸಂದಿ ಒಂದ್ಸಲ ಬಿಡಿಸಿ ನೋಡಿ, ಬೆಳ್ಳಗೆ ಕೊಳೆತ ಹಾಗಿದ್ರೆ ಅದು ಫಂಗಸ್, ಬ್ಯಾಕ್ಟೀರಿಯಾ ಒಳಗೆ ಬಂದ ಬಾಗಿಲು ಅದೇ ಇರ್ಬಹುದು, ಅದಕ್ಕೂ ಮದ್ದು ಮಾಡ್ದೆ ಬಿಟ್ರೆ ಮತ್ತೆ ಬರತ್ತೆ. ಸ್ಟೀರಾಯ್ಡ್ ಬೆರೆತ ಕ್ರೀಮನ್ನ ಡಾಕ್ಟರಿಗೆ ತೋರಿಸ್ದೆ ಹಚ್ಬೇಡಿ, ಕೆಂಪು ಕಮ್ಮಿಯಾದ ಹಾಗೆ ಕಾಣತ್ತೆ, ಸೋಂಕು ಒಳಗೇ ಬೆಳೀತಿರತ್ತೆ.

ಇಷ್ಟರಲ್ಲಿ ತಡ ಮಾಡಲೇಬಾರದ್ದು ಒಂದಿದೆ. ಮೇಲೆ ಕಾಣೋದು ಸ್ವಲ್ಪ, ನೋವು ಮಾತ್ರ ತಡೆಯೋಕಾಗಲ್ಲ, ಗಂಟೆ ಗಂಟೆಗೂ ಹರಡ್ತಿದೆ, ಚರ್ಮ ನೇರಳೆ ಕಪ್ಪಾಗ್ತಿದೆ, ತಲೆ ತಿರುಗತ್ತೆ ಅಂದ್ರೆ ಬೆಳಗಾಗ್ಲಿ ಅಂತ ಕಾಯದೆ ನೇರ ದೊಡ್ಡ ಆಸ್ಪತ್ರೆ ಎಮರ್ಜೆನ್ಸಿಗೆ ಹೋಗಿ. ನೆಕ್ರೋಟೈಸಿಂಗ್ ಫ್ಯಾಸೈಟಿಸ್, ಅಂದ್ರೆ ಚರ್ಮದ ಕೆಳಗಿನ ಪದರನೇ ಬೇಗ ಬೇಗ ಸಾಯಿಸ್ತಾ ಹೋಗೋ ಸೋಂಕು, ಇದ್ರೆ ತುರ್ತು ಆಪರೇಷನ್ನೇ ಆಗ್ಬೇಕು.

ಪದೇ ಪದೇ ಕುರು ಬರೋರು ಶುಗರ್ ಟೆಸ್ಟ್ ಮಾಡಿಸಿ, ಕೀವನ್ನ ಕಲ್ಚರಿಗೆ, ಅಂದ್ರೆ ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಬಗ್ಗತ್ತೆ ಅಂತ ನೋಡೋ ಲ್ಯಾಬ್ ಟೆಸ್ಟಿಗೆ, ಕಳಿಸೋಕೆ ಕೇಳಿ. ಮೆಥಿಸಿಲಿನ್ ಅನ್ನೋ ಆಂಟಿಬಯೋಟಿಕ್ ಬಳಕೆಗೆ ಬಂದು ಒಂದೆರಡು ವರ್ಷದಲ್ಲೇ, 1961ರ ಹೊತ್ತಿಗೆ, ಅದಕ್ಕೂ ಬಗ್ಗದ ಸ್ಟ್ಯಾಫ್ ಸಿಕ್ಕಿತ್ತು, ಎಮ್ಆರ್‌ಎಸ್‌ಎ ಅಂತಾರಲ್ಲ ಅದು. ಹಂಗಾಗಿ ಹೋದ್ಸಲ ಉಳಿದ ಮಾತ್ರೆ ಈ ಸಲ ಕೆಲಸ ಮಾಡದೇ ಇರ್ಬಹುದು. ಮೂಗಿಗೆ ಮುಲಾಮು, ಕ್ಲೋರ್‌ಹೆಕ್ಸಿಡಿನ್ ಅನ್ನೋ ಕ್ರಿಮಿನಾಶಕ ಹಾಕಿ ಸ್ನಾನ ಅಂತ ಡಾಕ್ಟರ್ ಹೇಳಿದ್ರೆ ಮನೆಯಲ್ಲಿ ಕುರು ಬಂದೋರೆಲ್ಲ ಒಟ್ಟಿಗೇ ಮಾಡಿ, ಟವೆಲ್, ರೇಜರ್ ಒಬ್ಬೊಬ್ರಿಗೆ ಒಂದೊಂದು. ಈಗ ಪ್ರಶ್ನೆ ಇದ್ರೆ ಕೇಳಿ, ಫೋನಲ್ಲಿ ಫೋಟೋ ಇಟ್ಕೊಂಡು ಬಂದಿರೋರು ಆಮೇಲೆ ಪಕ್ಕಕ್ಕೆ ಬಂದು ತೋರಿಸಿ.