‘ಜೋರಾಗಿ ಉಸಿರು ತಗೋ’ ಅನ್ನುವ ಮುಂಚೆ

ನಮಸ್ಕಾರ. ಇವತ್ತಿನ ಮಾತು ಒಂದು ಬೀಗದ ಕೈ ಗೊಂಚಲಿನಿಂದ ಶುರುವಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಚಿಕ್ಕಪ್ಪನ ಮಗಳ ಮದುವೆ. ಮೇ ತಿಂಗಳು. ಛತ್ರದ ಮಹಡಿ ಮೇಲೆ ಹೆಣ್ಣಿನ ಕೋಣೆ. ಫ್ಯಾನ್ ತಿರುಗುತ್ತಿದೆ, ಗಾಳಿ ಮಾತ್ರ ಬರುತ್ತಿಲ್ಲ. ಮುಹೂರ್ತಕ್ಕೆ ಇನ್ನು ಅರ್ಧ ಗಂಟೆ. ಹುಡುಗಿ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ, ಬೆಳಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ. ಇದ್ದಕ್ಕಿದ್ದ ಹಾಗೆ ಏದುಸಿರು ಶುರುವಾಯಿತು. “ಗಾಳಿ ಸಾಲ್ತಿಲ್ಲ, ಗಾಳಿ ಸಾಲ್ತಿಲ್ಲ” ಅಂತ ಒಂದೇ ಸಮ. ಸುತ್ತ ಹತ್ತು ಜನ. ಒಬ್ಬರು ಲಗ್ನಪತ್ರಿಕೆಯಲ್ಲೇ ಗಾಳಿ ಬೀಸುತ್ತಿದ್ದಾರೆ. ಉಳಿದವರದ್ದೆಲ್ಲ ಒಂದೇ ಮಂತ್ರ: “ಜೋರಾಗಿ ಉಸಿರು ತಗೋಮ್ಮಾ, ಇನ್ನೂ ಜೋರಾಗಿ.”

ಪಾಪ, ಹೇಳಿದ ಹಾಗೇ ಮಾಡಿದಳು. ಸ್ವಲ್ಪ ಹೊತ್ತಿಗೆ ತುಟಿಯ ಸುತ್ತ ಜುಮುಜುಮು ಅಂದಳು. ಆಮೇಲೆ ಕೈ. ಮೆಹಂದಿ ಹಾಕಿದ ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು. ಹೆಬ್ಬೆರಳು ಅಂಗೈ ಕಡೆ ಮಡಚಿತು. ಮಣಿಕಟ್ಟು ಒಳಕ್ಕೆ ಬಾಗಿತು. ಬಿಡಿಸಲು ಹೋದರೆ ಕಲ್ಲಿನ ಹಾಗೆ ಗಟ್ಟಿ. ಯಾರೋ “ಫಿಟ್ಸ್!” ಅಂತ ಕೂಗಿದರು. ದೊಡ್ಡಪ್ಪ ಓಡಿಬಂದು ಛತ್ರದ ಬೀಗದ ಕೈ ಗೊಂಚಲನ್ನು ಆ ಸೆಟೆದ ಕೈಯೊಳಗೆ ತುರುಕಿದರು. ಅಡುಗೆಮನೆಯಿಂದ ಜಜ್ಜಿದ ಈರುಳ್ಳಿಯೂ ಬಂತು.

ಅಷ್ಟರಲ್ಲಿ ನಮ್ಮ ಅತ್ತೆ ಬಂದರು. ನರ್ಸ್ ಆಗಿ ರಿಟೈರ್ ಆದವರು. ಮೊದಲ ಕೆಲಸ, ಎಲ್ಲರನ್ನೂ ಆಚೆ ಕಳಿಸಿದರು. ಎರಡನೆಯದು, ಅವಳ ನಾಡಿ ಹಿಡಿದು ವಾಚ್ ನೋಡಿದರು. “ಎದೆ ನೋವಿದೆಯಾ? ಶುಗರ್ ಇದೆಯಾ? ಉಬ್ಬಸ ಇದೆಯಾ? ಮುಂಚೆ ಯಾವಾಗಲಾದರೂ ಹೀಗಾಗಿತ್ತಾ?” ಅಂತ ಕೇಳಿದರು. ಆಮೇಲೆ ಮೆಲ್ಲಗೆ, “ಪುಟ್ಟಿ, ನಿಮ್ಮ ಮನೆಯಿಂದ ಕಾಲೇಜಿಗೆ ಹೋಗೋ ಬಸ್ಸು ಎಲ್ಲೆಲ್ಲಿ ನಿಲ್ಲುತ್ತೆ ಹೇಳು” ಅಂದರು. ಅವಳು ಒಂದೊಂದೇ ಸ್ಟಾಪ್ ಹೇಳಿದಳು. ಕಾಲು ಗಂಟೆಗೆ ಬೆರಳು ತಾವಾಗೇ ಬಿಚ್ಚಿಕೊಂಡವು. ಧಾರೆ ಆಯಿತು, ಊಟ ಆಯಿತು. ದೊಡ್ಡಪ್ಪ ಇವತ್ತಿಗೂ, “ಕಬ್ಬಿಣದ ಗುಣ ಕಣಯ್ಯ” ಅನ್ನುತ್ತಾರೆ.

ನನಗೆ ದೊಡ್ಡಪ್ಪನ ಬೀಗದ ಕೈ ಮೇಲೆ ಸಿಟ್ಟಿಲ್ಲ. ಅದರಿಂದ ಒಳ್ಳೆಯದೂ ಆಗಲಿಲ್ಲ, ಕೆಟ್ಟದ್ದೂ ಆಗಲಿಲ್ಲ. ನನ್ನ ತಕರಾರು ಇರುವುದು “ಜೋರಾಗಿ ಉಸಿರು ತಗೋ” ಅನ್ನುವ ಮಾತಿನ ಮೇಲೆ. ಆ ಕೈ ಸೆಟೆದದ್ದಕ್ಕೆ ನಮ್ಮ ಬುದ್ಧಿಮಾತಿನ ಪಾಲೂ ಇತ್ತು.

ನಮ್ಮೆಲ್ಲರ ತಲೆಯಲ್ಲಿ ಒಂದು ಲೆಕ್ಕ ಕೂತಿದೆ. ಉಸಿರು ಜಾಸ್ತಿ ಅಂದರೆ ಆಮ್ಲಜನಕ ಜಾಸ್ತಿ. ಪೈಪಿನಲ್ಲಿ ನೀರು ಬಿಟ್ಟ ಹಾಗೆ. ಈ ಲೆಕ್ಕ ತಪ್ಪು. ಆರೋಗ್ಯವಾಗಿರುವ ಮನುಷ್ಯ ಸುಮ್ನೆ ಕೂತಿರುವಾಗಲೇ ರಕ್ತ ಶೇಕಡಾ 97, 98ರಷ್ಟು ಆಮ್ಲಜನಕ ತುಂಬಿಕೊಂಡಿರುತ್ತದೆ. ಬಸ್ಸು ಆಗಲೇ ಫುಲ್. ನೀವು ಎಷ್ಟೇ ದಮ್ಮು ಎಳೆದರೂ ಇನ್ನೊಬ್ಬರೋ ಇಬ್ಬರೋ ನಿಂತುಕೊಳ್ಳಬಹುದು, ಅಷ್ಟೆ. ಆದರೆ ಇನ್ನೊಂದು ಬಾಗಿಲಿನಿಂದ ಜನ ದಬದಬ ಇಳಿದು ಹೋಗುತ್ತಿರುತ್ತಾರೆ. ಅದು ಕಾರ್ಬನ್ ಡೈಆಕ್ಸೈಡ್.

ಅದನ್ನು ನಾವು ಕಸ ಅಂದುಕೊಂಡಿದ್ದೇವೆ. ಸ್ಕೂಲಿನಲ್ಲಿ ಹಾಗೇ ಹೇಳಿಕೊಟ್ಟರು ಅಲ್ವಾ, ಒಳ್ಳೆಯ ಗಾಳಿ ಒಳಗೆ, ಕೆಟ್ಟ ಗಾಳಿ ಹೊರಗೆ ಅಂತ. ಆದರೆ ಉಸಿರಾಟದ ಲಗಾಮು ಆ “ಕೆಟ್ಟ ಗಾಳಿ” ಕೈಯಲ್ಲೇ ಇದೆ. ಇದನ್ನು ಗಟ್ಟಿಯಾಗಿ ತೋರಿಸಿದವರು ಆಕ್ಸ್‌ಫರ್ಡಿನ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ, 1905ರಲ್ಲಿ. ಹಾಲ್ಡೇನ್ ವಿಚಿತ್ರ ಮನುಷ್ಯ. ಗಾಳಿಯಾಡದ ಪೆಟ್ಟಿಗೆಯೊಳಗೆ ತಾವೇ ಕೂತು, ಕೆಟ್ಟ ಗಾಳಿ ಕುಡಿದು, ತನಗೇನಾಗುತ್ತದೆ ಅಂತ ಬರೆದಿಟ್ಟುಕೊಳ್ಳುತ್ತಿದ್ದವರು. ಗಣಿಗಳಲ್ಲಿ ಕಾರ್ಮಿಕರು ಯಾಕೆ ಸಾಯುತ್ತಾರೆ ಅಂತ ಹುಡುಕಿ ಕೊನೆಗೆ ಎಲ್ಲರ ಉಸಿರಿನ ಗುಟ್ಟಿಗೇ ಕೈ ಹಾಕಿದರು. ಇಬ್ಬರೂ ಕಂಡದ್ದು ಇಷ್ಟು: ಶ್ವಾಸಕೋಶದ ತಳದ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಪ್ರಮಾಣವನ್ನು ದೇಹ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇಟ್ಟುಕೊಳ್ಳುತ್ತದೆ. ಅದು ಬರೀ 0.2 ಶೇಕಡಾ ಏರಿದರೆ ಸಾಕು, ಉಸಿರಾಟ ಎರಡರಷ್ಟಾಗುತ್ತದೆ. ಅಕ್ಕಸಾಲಿಗರ ತಕ್ಕಡಿ ಕೂಡ ಇಷ್ಟು ನಾಜೂಕಲ್ಲ.

ಆಮ್ಲಜನಕಕ್ಕೂ ಕಾವಲುಗಾರ ಇದ್ದಾನೆ. ಕತ್ತಿನ ಎರಡೂ ಬದಿ, ಮಿದುಳಿಗೆ ಹೋಗುವ ರಕ್ತನಾಳ ಕವಲೊಡೆಯುವಲ್ಲಿ ಅಕ್ಕಿಕಾಳಿನಷ್ಟು ಚಿಕ್ಕದೊಂದು ಅಂಗ ಇದೆ. ಆ ಜಾಗದ ಸಂಶೋಧನೆಗೇ ಬೆಲ್ಜಿಯಮ್ಮಿನ ಕಾರ್ನೇಲ್ ಹೇಮಾನ್ಸ್ ಅವರಿಗೆ 1938ರ ನೊಬೆಲ್ ಬಂತು. ಆದರೆ ಈ ಕಾವಲುಗಾರ ಸ್ವಲ್ಪ ನಿದ್ದೆಗಣ್ಣಿನವನು. ಆಮ್ಲಜನಕ ಚೆನ್ನಾಗಿ ಇಳಿದ ಮೇಲೆಯೇ ಜೋರಾಗಿ ಕೂಗುವುದು. ಮಿದುಳಿನ ಬುಡದಲ್ಲಿ ಕೂತು ಕಾರ್ಬನ್ ಡೈಆಕ್ಸೈಡ್ ನೋಡಿಕೊಳ್ಳುವವನು ಮಾತ್ರ ಕಣ್ಣೇ ಮುಚ್ಚುವುದಿಲ್ಲ.

ಇದನ್ನು ನಾವೆಲ್ಲ ಕಣ್ಣಾರೆ ನೋಡಿದ್ದೇವೆ. ಕೋವಿಡ್ ಸಮಯ ನೆನಪು ಮಾಡಿಕೊಳ್ಳಿ. ಮನೆಮನೆಯಲ್ಲೂ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್. ಓದಿದರೆ 80. ಆದರೆ ಆ ಮನುಷ್ಯ ಹಾಯಾಗಿ ಫೋನಿನಲ್ಲಿ ಮಾತಾಡುತ್ತಿದ್ದಾನೆ, “ನನಗೇನೂ ಆಗಿಲ್ಲ, ಮಿಷನ್ ಕೆಟ್ಟಿದೆ” ಅನ್ನುತ್ತಾನೆ. ಮಿಷನ್ ಕೆಟ್ಟಿರಲಿಲ್ಲ. ಎಷ್ಟೋ ಜನರಲ್ಲಿ ಕಾರ್ಬನ್ ಡೈಆಕ್ಸೈಡ್ ಸರಾಗವಾಗಿ ಹೊರಗೆ ಹೋಗುತ್ತಿತ್ತು, ಹಾಗಾಗಿ ಗಂಟೆ ಜೋರಾಗಿ ಹೊಡೆಯಲೇ ಇಲ್ಲ. ಇನ್ನೊಂದು ಕಡೆ ನನ್ನ ತಂಗಿ. ರಕ್ತದ ತುಂಬ ಆಮ್ಲಜನಕ, ಆದರೆ ಉಸಿರುಗಟ್ಟುತ್ತಿದೆ ಅನ್ನುವ ಸಂಕಟ. ಉಸಿರು ಸಾಲುತ್ತಿಲ್ಲ ಅನ್ನುವ ಅನುಭವಕ್ಕೂ ಆಮ್ಲಜನಕದ ಲೆಕ್ಕಕ್ಕೂ ನೇರ ಸಂಬಂಧ ಇಲ್ಲ. ಇದೊಂದು ತಿಳಿದರೆ ಅರ್ಧ ಭಯ ಹೋಗುತ್ತದೆ.

ಸರಿ, ಬೆರಳು ಯಾಕೆ ಸೆಟೆದವು? ಕಾರ್ಬನ್ ಡೈಆಕ್ಸೈಡ್ ರಕ್ತದಲ್ಲಿ ಆಮ್ಲದ ಹಾಗೆ ಕೆಲಸ ಮಾಡುತ್ತದೆ. ಅದು ಜಾಸ್ತಿ ಹೊರಗೆ ಹೋದರೆ ರಕ್ತ ಕ್ಷಾರದ ಕಡೆ ವಾಲುತ್ತದೆ. ಆಗ ರಕ್ತದಲ್ಲಿ ಬಿಡಿಯಾಗಿ ಓಡಾಡುತ್ತಿದ್ದ ಕ್ಯಾಲ್ಸಿಯಂ ಹೋಗಿ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಒಟ್ಟು ಕ್ಯಾಲ್ಸಿಯಂ ಅಷ್ಟೇ ಇದೆ, ಕೈಗೆ ಸಿಗುವುದು ಕಡಿಮೆ. ಪಾಸ್‌ಬುಕ್ಕಿನಲ್ಲಿ ದುಡ್ಡಿದೆ, ಜೇಬಿನಲ್ಲಿಲ್ಲ ಅನ್ನುವ ಹಾಗೆ. ನರಗಳು ಕಾರಣವಿಲ್ಲದೆ ಸಿಡಿಯುತ್ತವೆ. ಮೊದಲು ಜುಮುಜುಮು, ಆಮೇಲೆ ಸೆಳೆತ. ಜೊತೆಗೆ ಮಿದುಳಿನ ರಕ್ತನಾಳಗಳೂ ಕಿರಿದಾಗುತ್ತವೆ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಒತ್ತಡ (ಬಿಪಿಯ ಹಾಗೆ ಇದನ್ನೂ ಪಾದರಸದ ಮಿಲಿಮೀಟರಿನಲ್ಲಿ ಅಳೆಯುತ್ತಾರೆ) ಮಾಮೂಲಿ 40ರಿಂದ 20ಕ್ಕೆ ಇಳಿದರೆ ಮಿದುಳಿಗೆ ಹೋಗುವ ರಕ್ತ ಮೂರನೇ ಒಂದು ಭಾಗಕ್ಕಿಂತಲೂ ಜಾಸ್ತಿ ಕಡಿಮೆಯಾಗುತ್ತದೆ. ತಲೆ ತಿರುಗುತ್ತದೆ, ಕಣ್ಣು ಮಂಜಾಗುತ್ತದೆ. ಗಾಳಿ ಜಾಸ್ತಿ ಎಳೆದದ್ದಕ್ಕೆ ಮಿದುಳಿಗೆ ಕಡಿಮೆ ಸಿಕ್ಕಿತು!

ಅತ್ತೆ ಬಸ್ ಸ್ಟಾಪ್ ಹೇಳಿಸಿದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಮಾತಾಡುವಾಗ ಉಸಿರು ಉದ್ದಕ್ಕೆ, ನಿಧಾನವಾಗಿ ಹೊರಗೆ ಹೋಗುತ್ತದೆ. ಗಬಗಬ ಎಳೆಯಲು ಆಗುವುದಿಲ್ಲ. ಮನಸ್ಸೂ ಬೇರೆ ಕಡೆ ತಿರುಗುತ್ತದೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಕೆಲವರಿಗೆ ಬೇಜಾರಾಗಬಹುದು. ವಾರಾಂತ್ಯದ ಉಸಿರಾಟದ ಶಿಬಿರಗಳಿಗೆ ಹೋಗಿ ಬಂದವರು, “ಕೈಯೆಲ್ಲ ಜುಮ್ ಅಂತು, ಒಳಗೆ ಶಕ್ತಿ ಹರಿದಾಡಿತು” ಅನ್ನುತ್ತಾರೆ. ಅರ್ಧ ಗಂಟೆ ಒಂದೇ ಸಮ ಜೋರಾಗಿ ಉಸಿರಾಡಿದರೆ ಯಾರ ಕೈ ಬೇಕಾದರೂ ಜುಮ್ ಅನ್ನುತ್ತದೆ. ಅದು ಶಕ್ತಿಯಲ್ಲ, ಕ್ಯಾಲ್ಸಿಯಂ. ಪ್ರಾಣಾಯಾಮದ ಮೇಲೆ ನನಗೆ ಜಗಳ ಇಲ್ಲ. ಅಳೆದು ನೋಡಿದವರು ನಮ್ಮ ಬೆಂಗಳೂರಿನಲ್ಲೇ ಇದ್ದರು. ನಿಮ್ಹಾನ್ಸ್‌ನಲ್ಲಿ ಶರ್ಲಿ ಟೆಲ್ಲಿಸ್ ಮತ್ತು ದೇಸಿರಾಜು 1991ರಲ್ಲಿ ಉಜ್ಜಾಯಿ ಪ್ರಾಣಾಯಾಮ ಮಾಡುವವರು ಎಷ್ಟು ಆಮ್ಲಜನಕ ಬಳಸುತ್ತಾರೆ ಅಂತ ಅಳೆದರು. ಕುಂಭಕ, ಅಂದರೆ ಉಸಿರು ಹಿಡಿಯುವ ಹೊತ್ತು, ಚಿಕ್ಕದಾಗಿದ್ದರೆ ಬಳಕೆ ಏರಿತು, ಉದ್ದವಾಗಿದ್ದರೆ ಇಳಿಯಿತು. ಒಂದೇ ಹೆಸರಿನ ಅಭ್ಯಾಸ, ಎರಡು ಬೇರೆ ಫಲ. ಇಷ್ಟು ಸೂಕ್ಷ್ಮ ಇರುವ ವಿಷಯವನ್ನು “ದೇಹದ ತುಂಬ ಆಕ್ಸಿಜನ್ ತುಂಬಿಸಿ” ಅಂತ ಪೋಸ್ಟರ್ ಮಾಡಿ ಮಾರುತ್ತಾರಲ್ಲ, ನನಗೆ ಆಗದಿರುವುದು ಅದು.

ಬಾವಿಯ ವಿಷಯ ಬಿಟ್ಟೇಬಿಡುತ್ತಿದ್ದೆ. ಚಿಕ್ಕವರಿದ್ದಾಗ ಊರಿನ ಬಾವಿಯಲ್ಲಿ ಪಂದ್ಯ ಕಟ್ಟುತ್ತಿದ್ದೆವು, ಯಾರು ಜಾಸ್ತಿ ಹೊತ್ತು ಮುಳುಗಿರುತ್ತಾರೆ ಅಂತ. ದೊಡ್ಡ ಹುಡುಗರು ಹೇಳಿಕೊಟ್ಟ ಉಪಾಯ: ಧುಮುಕುವ ಮುಂಚೆ ಇಪ್ಪತ್ತು ಸಲ ಜೋರಾಗಿ ಉಸಿರಾಡು. ಉಪಾಯ ಫಲಿಸುತ್ತದೆ, ಅದೇ ಅಪಾಯ. ಕಾರ್ಬನ್ ಡೈಆಕ್ಸೈಡ್ ಮೊದಲೇ ಖಾಲಿ ಮಾಡಿಕೊಂಡು ಹೋದರೆ “ಮೇಲೆ ಬಾ” ಅನ್ನುವ ಗಂಟೆ ತಡವಾಗಿ ಹೊಡೆಯುತ್ತದೆ. ಅಷ್ಟರಲ್ಲಿ ಆಮ್ಲಜನಕ ಮುಗಿದು ನೀರೊಳಗೇ ಪ್ರಜ್ಞೆ ತಪ್ಪಬಹುದು. ಒಳ್ಳೆಯ ಈಜುಗಾರರೇ ಹೀಗೆ ಸತ್ತಿದ್ದಾರೆ. ನಿಮ್ಮ ಮಕ್ಕಳು ಸ್ವಿಮ್ಮಿಂಗ್ ಪೂಲ್‌ಗೆ ಹೋಗುತ್ತಿದ್ದರೆ ಇವತ್ತೇ ಹೇಳಿ.

ಹಾಗಂತ ಜಾಸ್ತಿ ಉಸಿರಾಡುವುದೇ ಕೆಟ್ಟದ್ದು ಅಂತ ತೀರ್ಮಾನ ಮಾಡಬೇಡಿ. 1981ರ ಅಕ್ಟೋಬರಿನಲ್ಲಿ ಅಮೆರಿಕದ ವೈದ್ಯಕೀಯ ತಂಡವೊಂದು ಎವರೆಸ್ಟ್ ಹತ್ತಿತು. ತುದಿಯಲ್ಲಿ ನಿಂತು ಕ್ರಿಸ್ ಪಿಝೋ ತಮ್ಮ ಉಸಿರಿನ ಸ್ಯಾಂಪಲ್ ಹಿಡಿದು ತಂದರು. ಕಾರ್ಬನ್ ಡೈಆಕ್ಸೈಡ್ ಎಷ್ಟಿತ್ತು ಗೊತ್ತಾ? 40 ಇರಬೇಕಾದ ಕಡೆ 7.5. ಗಾಳಿಯೇ ತೆಳುವಾದ ಆ ಎತ್ತರದಲ್ಲಿ ಅಷ್ಟು ಭಯಂಕರವಾಗಿ ಉಸಿರಾಡಿದ್ದರಿಂದಲೇ ಅವರು ಬದುಕಿದ್ದರು.

ಅಂದರೆ ಏದುಸಿರು ಎಷ್ಟೋ ಸಲ ರೋಗವಲ್ಲ, ಉತ್ತರ. ಪ್ರಶ್ನೆ ಏನು ಅಂತ ನಾವು ಕೇಳಬೇಕು. ವೈದ್ಯರೂ ಇಲ್ಲಿ ಬಹಳ ಕಾಲ ಎಡವಿದರು. ಎದೆ ಡವಡವ, ತಲೆಸುತ್ತು, ಕೈ ಜುಮು ಇದ್ದವರಿಗೆಲ್ಲ “ಹೈಪರ್‌ವೆಂಟಿಲೇಶನ್ ಸಿಂಡ್ರೋಮ್”, ಅಂದರೆ ಅತಿಯಾಗಿ ಉಸಿರಾಡುವ ಕಾಯಿಲೆ ಅಂತ ಚೀಟಿ ಅಂಟಿಸುತ್ತಿದ್ದರು. ಪರೀಕ್ಷೆಯೂ ಸುಲಭ. ರೋಗಿಗೆ ಬೇಕಂತಲೇ ಜೋರಾಗಿ ಉಸಿರಾಡಿಸುವುದು, “ನಿಮಗೆ ಆಗೋದು ಇದೇ ತಾನೇ?” ಅಂತ ಕೇಳುವುದು. ಹೌದು ಅಂದರೆ ಮುಗಿಯಿತು.

1996ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಒಂದು ಚಾಲಾಕಿ ಮಾಡಿದರು. ನನಗೆ ತುಂಬ ಇಷ್ಟವಾದ ಪ್ರಯೋಗ ಇದು. 115 ರೋಗಿಗಳಿಗೆ ಎರಡು ಸಲ ಜೋರಾಗಿ ಉಸಿರಾಡಿಸಿದರು. ಒಂದು ಸಲ ಮಾಮೂಲಿ. ಇನ್ನೊಂದು ಸಲ ಗುಟ್ಟಾಗಿ ಗಾಳಿಗೆ ಕಾರ್ಬನ್ ಡೈಆಕ್ಸೈಡ್ ಬೆರೆಸಿ, ರಕ್ತದಲ್ಲಿ ಅದು ಇಳಿಯದ ಹಾಗೆ ನೋಡಿಕೊಂಡರು. ಮಾಮೂಲಿ ಪರೀಕ್ಷೆಯಲ್ಲಿ 85 ಜನ “ಹೌದು, ಇದೇ” ಅಂದರು. ಆ 85ರಲ್ಲಿ 56 ಜನ ಏನೂ ಇಳಿಯದ ಎರಡನೇ ಸಲವೂ “ಇದೇ” ಅಂದರು! ಅಲ್ಲಿಗೆ ನಿಲ್ಲಿಸಲಿಲ್ಲ. 30 ಜನರ ಮೈಗೆ ಕಾರ್ಬನ್ ಡೈಆಕ್ಸೈಡ್ ಅಳೆಯುವ ಮೀಟರ್ ಕಟ್ಟಿ ಮನೆಗೆ ಕಳಿಸಿದರು. ತಾನಾಗೇ ಬಂದ 22 ಅಟ್ಯಾಕ್‌ಗಳು ದಾಖಲಾದವು. ಕಾರ್ಬನ್ ಡೈಆಕ್ಸೈಡ್ ಇಳಿದದ್ದು 7ರಲ್ಲಿ ಮಾತ್ರ, ಅದೂ ಸ್ವಲ್ಪವೇ, ಅದೂ ಅಟ್ಯಾಕ್ ಶುರುವಾದ ಮೇಲೆ. ಭಯ ಮುಂದೆ, ಉಸಿರು ಹಿಂದೆ. ನನ್ನ ತಂಗಿಯ ಬೆರಳು ಸೆಟೆದದ್ದು ಉಸಿರಿನಿಂದಲೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಉಸಿರನ್ನು ಓಡಿಸಿದ್ದು ಹಸಿವು, ನಿದ್ದೆಗೇಡು, ಹೆದರಿಕೆ.

ಸಿನಿಮಾದಲ್ಲಿ ನೋಡುತ್ತೀರಲ್ಲ, ಬಾಯಿಗೆ ಕಾಗದದ ಚೀಲ ಹಿಡಿಯುವುದು? ಅದನ್ನು ಮಾಡಬೇಡಿ. ಬಿಟ್ಟ ಗಾಳಿಯನ್ನೇ ಮತ್ತೆ ಎಳೆದರೆ ಆಮ್ಲಜನಕವೂ ಇಳಿಯುತ್ತದೆ. 1989ರಲ್ಲಿ ಅಮೆರಿಕದ ವೈದ್ಯರೊಬ್ಬರು ಇದನ್ನು ಅಳೆದು ತೋರಿಸಿದರು. ತಪ್ಪು ತಿಳಿದು ಚೀಲ ಕೊಟ್ಟು 3 ರೋಗಿಗಳು ಸತ್ತದ್ದನ್ನೂ ಬರೆದರು. ಹೃದಯಾಘಾತ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ನ್ಯುಮೋನಿಯಾ, ಇವೆಲ್ಲದರ ವೇಷವೂ ಏದುಸಿರೇ. ಎದೆ ನೋವು, ಜ್ವರ, ನೀಲಿ ತುಟಿ, ಮಂಪರು ಇದ್ದರೆ ಸಮಾಧಾನ ಹೇಳುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ಏನೆಂದು ಗೊತ್ತಾಗದಿದ್ದರೂ ಹೊರಡಿ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನನ್ನ ಸಹೋದ್ಯೋಗಿಯೊಬ್ಬರ ಮಗ. ಪಿಯುಸಿ ಹುಡುಗ. ಪರೀಕ್ಷೆ ಹತ್ತಿರ ಇತ್ತು. ಎರಡು ವಾರದಿಂದ ಸೊರಗಿದ್ದ. ಬಿಂದಿಗೆಗಟ್ಟಲೆ ನೀರು ಕುಡಿಯುತ್ತಿದ್ದ. ಒಂದು ಬೆಳಗ್ಗೆ ಉಸಿರಾಟ ಜೋರಾಯಿತು. ಚಿಕ್ಕಚಿಕ್ಕ ಉಸಿರಲ್ಲ, ಓಡಿಬಂದವನ ಹಾಗೆ ಆಳವಾದ ಉಸಿರು, ಆದರೆ ಮಂಚದ ಮೇಲೆ ಮಲಗಿಕೊಂಡೇ. ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. “ಎಕ್ಸಾಮ್ ಟೆನ್ಶನ್ ಅಮ್ಮ, ಹುಡುಗರಿಗೆ ಇದು ಮಾಮೂಲು” ಅಂತ ನಿದ್ದೆಗೊಂದು ಮಾತ್ರೆ ಬರೆದು ಕಳಿಸಿದರು.

ಅದು ಸಕ್ಕರೆ ಕಾಯಿಲೆ. ಇನ್ಸುಲಿನ್ ಇಲ್ಲದೆ ರಕ್ತ ಆಮ್ಲವಾಗಿತ್ತು. ಆ ಆಮ್ಲವನ್ನು ಉಸಿರಿನಲ್ಲಿ ಹೊರಗೆ ತಳ್ಳಲು ದೇಹ ಒದ್ದಾಡುತ್ತಿತ್ತು. ಈ ಥರದ ಉಸಿರನ್ನು ಜರ್ಮನಿಯ ಕುಸ್ಮಾಲ್ 1874ರಲ್ಲೇ ಬರೆದಿಟ್ಟಿದ್ದಾರೆ, ಇವತ್ತಿಗೂ ಅದಕ್ಕೆ ಅವರದೇ ಹೆಸರು. ರಾತ್ರಿ ಹುಡುಗ ಮಾತು ತೊದಲಿದಾಗ ಅವನ ತಾಯಿ ದೊಡ್ಡ ಆಸ್ಪತ್ರೆಗೆ ಓಡಿದರು. ಬಾಯಿಂದ ಕೊಳೆತ ಹಣ್ಣಿನ ವಾಸನೆ ಬರುತ್ತಿತ್ತಂತೆ. ಅಲ್ಲಿನ ಡ್ಯೂಟಿ ಡಾಕ್ಟರ್, ಚಿಕ್ಕ ವಯಸ್ಸಿನ ಹುಡುಗಿ, ಏನೂ ಮಾತಾಡದೆ ಮೊದಲು ಅವನ ಹೊಟ್ಟೆ ಮೇಲೆ ಕೈಯಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿದಳು. 36. ಸುಮ್ಮನೆ ಮಲಗಿರುವವನಿಗೆ 12ರಿಂದ 20 ಇರಬೇಕು. ಆಮೇಲೆ ಬೆರಳು ಚುಚ್ಚಿ ಶುಗರ್ ನೋಡಿದಳು.

ಹುಡುಗ ಈಗ ಇಂಜಿನಿಯರಿಂಗ್ ಓದುತ್ತಿದ್ದಾನೆ, ದಿನಾ ಇನ್ಸುಲಿನ್ ತಗೊಳ್ಳುತ್ತಾನೆ. ಆ ಮೊದಲ ಕ್ಲಿನಿಕ್ಕಿನ ಚೀಟಿಯನ್ನು ಅವನ ತಾಯಿ ಇನ್ನೂ ಬೀರುವಿನಲ್ಲಿ ಇಟ್ಟಿದ್ದಾರೆ. ನನಗೊಮ್ಮೆ ತೋರಿಸಿದರು. ಬಿಪಿ ಬರೆದಿದೆ. ಪಲ್ಸ್ ಬರೆದಿದೆ. ಟೆಂಪರೇಚರ್ ಬರೆದಿದೆ, ಪಾಯಿಂಟ್ ಸಮೇತ. ಉಸಿರಾಟ ಅಂತ ಅಚ್ಚು ಹಾಕಿದ ಗೆರೆಯ ಮುಂದೆ ಏನೂ ಇಲ್ಲ.